ಸಂಸತ್ತಿನ ಕುರ್ಚಿ ಇಳಿಸಲು ಜನಮತ: 945ರಿಂದ 600ಕ್ಕೆ ಬಂದ ಇಟಲಿಯ ಲೆಕ್ಕಾಚಾರ

2020ರ ಸೆಪ್ಟೆಂಬರ್ 20 ಮತ್ತು 21ರಂದು ಇಟಲಿಯ ಮತದಾರರ ಕೈಗೆ ಬಂದ ಒಂದು ಚೀಟಿಯಲ್ಲಿ ಯಾವ ಅಭ್ಯರ್ಥಿಯ ಹೆಸರೂ ಇರಲಿಲ್ಲ. ಸಂಸದರ ಸಂಖ್ಯೆ ಇಳಿಸುವುದಕ್ಕಾಗಿ ಸಂವಿಧಾನದ 56, 57 ಮತ್ತು 59ನೇ ವಿಧಿಗಳಿಗೆ ಸಂಸತ್ತು ತಂದಿರುವ ತಿದ್ದುಪಡಿಯನ್ನು ಒಪ್ಪುತ್ತೀರಾ ಎಂಬ ಒಂದೇ ಪ್ರಶ್ನೆ, ಕೆಳಗೆ ಹೌದು, ಇಲ್ಲ ಎಂಬ ಎರಡು ಚೌಕ. ಹೌದು ಎಂದವರು ಶೇ 69.96, ಇಲ್ಲ ಎಂದವರು ಶೇ 30.04. ಕೆಳಮನೆಯ 630 ಸ್ಥಾನ 400ಕ್ಕೆ ಬಂತು, ಸೆನೆಟ್‌ನ 315 ಸ್ಥಾನ 200ಕ್ಕೆ. ಒಟ್ಟು 345 ಕುರ್ಚಿ, ಅಂದರೆ ಶೇ 36.5ರಷ್ಟು, ಒಂದೇ ಏಟಿಗೆ ಹೋದವು.

ಚೀಟಿ ಕೇಳಿದ್ದು ಸಂಖ್ಯೆಯನ್ನಷ್ಟೇ. ಸಂಸದರ ಸಂಬಳ, ಎರಡು ಮನೆಗಳ ಅಧಿಕಾರ, ಚುನಾವಣೆಯ ವಿಧಾನ, ಸಮಿತಿಗಳ ನಿಯಮ, ಇವು ಯಾವುವೂ ಅದರಲ್ಲಿರಲಿಲ್ಲ. ಹಾಗೆಂದು ಇವು ಸಂಖ್ಯೆಯಿಂದ ಬೇರೆಯಾಗಿ ನಿಂತಿರುವುದೂ ಇಲ್ಲ. ಒಂದು ಮನೆಯ ಸದಸ್ಯಬಲ ಬದಲಾದ ಕೂಡಲೇ ಯಾರ ಮತಕ್ಕೆ ಎಷ್ಟು ತೂಕ, ಯಾವ ಪಕ್ಷಕ್ಕೆ ಎಲ್ಲಿ ಬಾಗಿಲು ಮುಚ್ಚುತ್ತದೆ ಎಂಬ ಲೆಕ್ಕವೆಲ್ಲ ತಾನಾಗಿ ತಿರುಗುತ್ತದೆ. ನಮ್ಮ ಮಟ್ಟಿಗೆ ಇಂಥ ಜನಮತದಲ್ಲಿ ನೋಡಬೇಕಾದ್ದು ಆ ತಿರುಗುವ ಲೆಕ್ಕವನ್ನು. ಪ್ರಚಾರದಲ್ಲಿ ಮಾತ್ರ ಅದರ ಬಗ್ಗೆ ಮಾತು ಕಡಿಮೆ.

ವಿಷಯ ಜನರ ಮುಂದೆ ಬಂದದ್ದು ಹೇಗೆ

ಇಟಲಿಯಲ್ಲಿ ಸಂವಿಧಾನ ತಿದ್ದುವ ದಾರಿ 138ನೇ ವಿಧಿಯಲ್ಲಿದೆ. ಒಂದೇ ಮಸೂದೆಯನ್ನು ಎರಡೂ ಮನೆಗಳು ಎರಡೆರಡು ಸಲ ಅಂಗೀಕರಿಸಬೇಕು. ಒಂದೊಂದು ಮನೆಯ ಮೊದಲ ಮತ್ತು ಎರಡನೇ ಮತದಾನದ ನಡುವೆ ಕನಿಷ್ಠ ಮೂರು ತಿಂಗಳ ಅಂತರವಿರಬೇಕು. ಎರಡನೇ ಸುತ್ತಿನಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚಿನವರ ಬೆಂಬಲ ಬೇಕು. ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಸಿಕ್ಕಿದರೆ ಕತೆ ಅಲ್ಲಿಗೇ ಮುಗಿಯುತ್ತದೆ, ಜನಮತದ ಮಾತೇ ಇಲ್ಲ. ಸಿಗದಿದ್ದರೆ ಮೂರು ತಿಂಗಳೊಳಗೆ ಯಾವುದಾದರೂ ಒಂದು ಮನೆಯ ಐದನೇ ಒಂದರಷ್ಟು ಸದಸ್ಯರು, ಇಲ್ಲವೇ ಐದು ಲಕ್ಷ ಮತದಾರರು, ಇಲ್ಲವೇ ಐದು ಪ್ರಾದೇಶಿಕ ಸಭೆಗಳು ಜನಮತಕ್ಕೆ ಒತ್ತಾಯಿಸಬಹುದು.

2019ರಲ್ಲಿ ಆದದ್ದು ಹೀಗೆ. ಫೆಬ್ರುವರಿ 7ರಂದು ಸೆನೆಟ್, ಮೇ 9ರಂದು ಕೆಳಮನೆ, ಜುಲೈ 11ರಂದು ಮತ್ತೆ ಸೆನೆಟ್, ಅಕ್ಟೋಬರ್ 8ರಂದು ಮತ್ತೆ ಕೆಳಮನೆ. ಕೊನೆಯ ಸುತ್ತಿನಲ್ಲಿ ಪರವಾಗಿ 553, ವಿರುದ್ಧ ಬರೀ 14. ಇಷ್ಟು ಏಕಾಭಿಪ್ರಾಯ ಇದ್ದಮೇಲೆ ಜನರನ್ನು ಕೇಳಬೇಕಾಗಿ ಬಂದದ್ದೇಕೆ? ಉತ್ತರ ಜುಲೈಯಲ್ಲಿದೆ. ಅಂದು ಸೆನೆಟ್‌ನಲ್ಲಿ ಸಿಕ್ಕಿದ್ದು 180 ಮತ, ಮೂರನೇ ಎರಡಕ್ಕೆ ಬೇಕಿದ್ದದ್ದು 214. ಆಗ ವಿರೋಧ ಪಕ್ಷದಲ್ಲಿದ್ದ ಡೆಮಾಕ್ರಟಿಕ್ ಪಾರ್ಟಿ ಮೊದಲ ಮೂರು ಸುತ್ತಿನಲ್ಲೂ ವಿರುದ್ಧ ನಿಂತಿತ್ತು. ಸೆಪ್ಟೆಂಬರಿನಲ್ಲಿ ಸರ್ಕಾರ ಬದಲಾಗಿ, ಈ ಮಸೂದೆಯನ್ನು ಹೊತ್ತು ತಂದಿದ್ದ ಫೈವ್ ಸ್ಟಾರ್ ಮೂವ್‌ಮೆಂಟ್ ಜೊತೆ ಅದೇ ಪಕ್ಷ ಮೈತ್ರಿ ಮಾಡಿಕೊಂಡಿತು. ನಾಲ್ಕನೇ ಸುತ್ತಿನಲ್ಲಿ ಹೌದು ಎಂದಿತು. ಆದರೆ ಜುಲೈಯ ಅಂಕಿ ಅಷ್ಟರಲ್ಲಿ ದಾಖಲಾಗಿಬಿಟ್ಟಿತ್ತು. 71 ಸೆನೆಟರುಗಳು ಸಹಿ ಹಾಕಿದರು, ವಿಷಯ ಜನರ ಮುಂದೆ ಬಂತು. ಮೊದಲು ಗೊತ್ತಾಗಿದ್ದ ದಿನ 2020ರ ಮಾರ್ಚ್ 29. ಕೋವಿಡ್‌ನಿಂದಾಗಿ ಅದು ಸೆಪ್ಟೆಂಬರಿಗೆ ಹೋಗಿ, ಏಳು ಪ್ರದೇಶಗಳ (ನಮ್ಮ ರಾಜ್ಯಗಳಂಥ ಆಡಳಿತ ಘಟಕಗಳ) ಚುನಾವಣೆಯ ಜೊತೆ ಸೇರಿಕೊಂಡಿತು.

ಬಂದು ಮತ ಹಾಕಿದವರು ಶೇ 51.12. ಇಲ್ಲಿ ಅನೇಕರು ಎಡವುತ್ತಾರೆ. ಅರ್ಧ ದಾಟಿದ್ದರಿಂದಲೇ ಫಲಿತಾಂಶ ಊರ್ಜಿತವಾಯಿತು ಎಂಬುದು ತಪ್ಪು. ಇರುವ ಕಾನೂನೊಂದನ್ನು ರದ್ದು ಮಾಡಲು ನಡೆಸುವ ಜನಮತಕ್ಕೆ, ಅಂದರೆ 75ನೇ ವಿಧಿಯ ಜನಮತಕ್ಕೆ, ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರಲೇಬೇಕು. ಸಂವಿಧಾನ ತಿದ್ದುಪಡಿಯ ಜನಮತಕ್ಕೆ ಅಂಥ ಕೋರಂ ಇಲ್ಲ. 2001ರ ಜನಮತಕ್ಕೆ ಬಂದವರು ಶೇ 34ರಷ್ಟು ಮಾತ್ರ, ಅದೂ ಜಾರಿಯಾಯಿತು. ಕೋರಂ ಇದ್ದರೆ ವಿರೋಧಿಗಳಿಗೆ ಮನೆಯಲ್ಲೇ ಉಳಿಯುವುದೂ ಒಂದು ತಂತ್ರವಾಗುತ್ತದೆ. ಇಲ್ಲದಿದ್ದರೆ ಹೊರಗೆ ಬಂದು ಇಲ್ಲ ಎಂದೇ ಹೇಳಬೇಕು.

ಇಟಲಿಯ ಚೀಟಿಗೆ ಕಾನೂನಿನ ಬಲವಿತ್ತು ಎಂಬುದನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಎಲ್ಲ ಕಡೆ ಹಾಗಿಲ್ಲ. ನ್ಯೂಜಿಲೆಂಡ್‌ನಲ್ಲಿ 1999ರ ನವೆಂಬರ್ 27ರಂದು ಸಂಸತ್ತನ್ನು 120ರಿಂದ 99ಕ್ಕೆ ಇಳಿಸಬೇಕೇ ಎಂದು ಕೇಳಿದಾಗ ಶೇ 81ಕ್ಕೂ ಹೆಚ್ಚು ಜನ ಹೌದು ಎಂದರು. ನಾಗರಿಕರೇ ಸಹಿ ಸಂಗ್ರಹಿಸಿ ತಂದ ಆ ಜನಮತ ಸರ್ಕಾರವನ್ನು ಕಟ್ಟಿಹಾಕುವಂಥದ್ದಾಗಿರಲಿಲ್ಲ; ನಿಗದಿತ 120 ಇಂದಿಗೂ 120. ರೊಮೇನಿಯಾದಲ್ಲಿ 2009ರ ನವೆಂಬರ್ 22ರಂದು ಸಂಸದರ ಸಂಖ್ಯೆ 300 ಮೀರಬಾರದು ಎಂದವರು ಶೇ 88.84. ಅದೂ ಸಲಹೆಯ ಮಟ್ಟದ್ದು, ಸಂವಿಧಾನ ತಿದ್ದಬೇಕಾದವರು ಅದೇ ಸಂಸದರು. ಮೂರು ವರ್ಷದ ಮೇಲೆ, 2012ರ ಚುನಾವಣೆಯಲ್ಲಿ, ಅಲ್ಲಿ ಆಯ್ಕೆಯಾದವರು 588 ಮಂದಿ. ಸೀಟು ಕಡಿತದ ಜನಮತದ ಸುದ್ದಿ ಕಂಡಾಗ ಮೊದಲು ಹುಡುಕಬೇಕಾದ್ದು ಶೇಕಡಾವಾರು ಅಂಕಿಯನ್ನಲ್ಲ, ಫಲಿತಾಂಶ ಯಾರನ್ನು ಕಟ್ಟಿಹಾಕುತ್ತದೆ ಎಂಬ ಸಾಲನ್ನು.

945 ಎಲ್ಲಿಂದ ಬಂತು

1948ರ ಸಂವಿಧಾನದಲ್ಲಿ ನಿಗದಿತ ಸಂಖ್ಯೆ ಇರಲಿಲ್ಲ. 80,000 ನಿವಾಸಿಗಳಿಗೆ ಒಬ್ಬ ಕೆಳಮನೆ ಸದಸ್ಯ, ಎರಡು ಲಕ್ಷಕ್ಕೆ ಒಬ್ಬ ಸೆನೆಟರ್ ಎಂಬ ಅನುಪಾತವಿತ್ತು. ಜನಸಂಖ್ಯೆ ಏರಿದಂತೆ ಸದನವೂ ಉಬ್ಬುತ್ತಿದ್ದುದರಿಂದ 1963ರ ತಿದ್ದುಪಡಿ 630 ಮತ್ತು 315 ಎಂದು ಗೆರೆ ಎಳೆಯಿತು. ಆ ಗೆರೆ ಅಳಿಸಲು ಎರಡು ದೊಡ್ಡ ಪ್ರಯತ್ನಗಳು ಜನಮತದಲ್ಲೇ ಬಿದ್ದವು. 2006ರಲ್ಲಿ ಬೆರ್ಲುಸ್ಕೋನಿ ಕಾಲದ ತಿದ್ದುಪಡಿಗೆ ಇಲ್ಲ ಎಂದವರು ಶೇ 61ರಷ್ಟು. 2016ರ ಡಿಸೆಂಬರ್ 4ರಂದು, ಸೆನೆಟ್ಟನ್ನು 100ಕ್ಕೆ ಇಳಿಸುವ, ಆಗಿನ ಪ್ರಧಾನಿ ರೆನ್ಜಿ ತಂದ ತಿದ್ದುಪಡಿಗೆ ಇಲ್ಲ ಎಂದವರು ಶೇ 59ರಷ್ಟು. ರೆನ್ಜಿ ರಾಜೀನಾಮೆ ಕೊಟ್ಟರು. ಆ ಎರಡರಲ್ಲೂ ಸೀಟು ಕಡಿತದ ಜೊತೆ ಪ್ರಧಾನಿಯ ಅಧಿಕಾರ, ಪ್ರದೇಶಗಳ ಅಧಿಕಾರ, ಮೇಲ್ಮನೆಯ ಪಾತ್ರ ಎಂದು ಹತ್ತಾರು ವಿಷಯ ಕಟ್ಟಿದ್ದರು. ಒಂದೊಂದು ವಿಷಯಕ್ಕೂ ಅದರದೇ ವಿರೋಧಿಗಳು, ಎಲ್ಲರ ವಿರೋಧವೂ ಒಂದೇ ಚೌಕದಲ್ಲಿ ಬಂದು ಬಿತ್ತು. 2019ರವರು ಕಲಿತದ್ದು ಅದನ್ನೇ: ಬೇರೇನನ್ನೂ ಮುಟ್ಟದೆ ಅಂಕಿಯನ್ನಷ್ಟೇ ಬದಲಿಸಿದರು. ಗೆಲ್ಲುವುದಕ್ಕೆ ಅದು ಜಾಣತನ. ಮುಂದೆ ಎದ್ದ ತೊಡಕುಗಳ ಬೇರೂ ಅದರಲ್ಲೇ ಇದೆ.

ಉಳಿತಾಯದ ಮಾತನ್ನು ಬೇಗ ಮುಗಿಸಬಹುದು. ಕೊನೆಯ ಮತದಾನದ ದಿನ ಫೈವ್ ಸ್ಟಾರ್ ನಾಯಕರು ಸಂಸತ್ ಭವನದ ಎದುರು ಕುರ್ಚಿಗಳ ಚಿತ್ರವಿದ್ದ ಉದ್ದನೆಯ ಬ್ಯಾನರನ್ನು ದೈತ್ಯ ಕತ್ತರಿಗಳಿಂದ ಕತ್ತರಿಸಿದರು. ಐದು ವರ್ಷದ ಅವಧಿಯೊಂದಕ್ಕೆ 50 ಕೋಟಿ ಯೂರೊ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಅರ್ಥಶಾಸ್ತ್ರಜ್ಞ ಕಾರ್ಲೊ ಕೊತ್ತಾರೆಲ್ಲಿ ಅವರ ನೇತೃತ್ವದ ಸಾರ್ವಜನಿಕ ಲೆಕ್ಕಪತ್ರ ವೀಕ್ಷಣಾಲಯ ಅದನ್ನು ತಿದ್ದಿತು. ಸಂಸದರ ಸಂಬಳದ ಒಂದು ಭಾಗ ತೆರಿಗೆಯಾಗಿ ಖಜಾನೆಗೇ ವಾಪಸು ಬರುತ್ತದೆ. ಅದನ್ನು ಕಳೆದರೆ ನಿವ್ವಳ ಉಳಿತಾಯ ವರ್ಷಕ್ಕೆ ಸುಮಾರು 5.7 ಕೋಟಿ ಯೂರೊ, ಸರ್ಕಾರದ ಒಟ್ಟು ಖರ್ಚಿನಲ್ಲಿ ಶೇ 0.007. ತಲೆಗೆ ಹಂಚಿದರೆ ವರ್ಷಕ್ಕೆ ಒಂದು ಕಾಫಿಯ ದುಡ್ಡು. ಹಣವೇ ಗುರಿಯಾಗಿದ್ದರೆ ಸಂಖ್ಯೆ ಮುಟ್ಟದೆ ಭತ್ಯೆಗಳನ್ನು ಕತ್ತರಿಸಬಹುದಿತ್ತು. ಅದಕ್ಕೆ ಸಂವಿಧಾನ ತಿದ್ದಬೇಕಿರಲಿಲ್ಲ.

ಎಷ್ಟು ಜನಕ್ಕೊಬ್ಬ

2011ರ ಜನಗಣತಿಯಂತೆ ಇಟಲಿಯ ಜನಸಂಖ್ಯೆ 5.94 ಕೋಟಿ. ಅದೇ ವರ್ಷದ ಗಣತಿಯಲ್ಲಿ ಕರ್ನಾಟಕದ್ದು 6.11 ಕೋಟಿ. ಹೀಗೆ ಹೆಚ್ಚುಕಡಿಮೆ ಸಮ ಇರುವುದರಿಂದ ಹೋಲಿಕೆ ಸುಲಭ. ಇಟಲಿಯಲ್ಲಿ ಮೊದಲು 94 ಸಾವಿರ ಜನರಿಗೆ ಕೆಳಮನೆಯ ಒಬ್ಬ ಸದಸ್ಯನಿದ್ದ, ಈಗ 1.49 ಲಕ್ಷಕ್ಕೆ ಒಬ್ಬ. ಸೆನೆಟರ್ ಮೊದಲು 1.89 ಲಕ್ಷಕ್ಕೆ, ಈಗ 2.97 ಲಕ್ಷಕ್ಕೆ. ಕರ್ನಾಟಕದಲ್ಲಿ 224 ಶಾಸಕರಿಗೆ ಹಂಚಿದರೆ ಒಬ್ಬರಿಗೆ 2.73 ಲಕ್ಷ, 28 ಲೋಕಸಭಾ ಸದಸ್ಯರಿಗೆ ಹಂಚಿದರೆ ಒಬ್ಬರಿಗೆ 21.8 ಲಕ್ಷ. ನಮ್ಮ ಕಣ್ಣಿಗೆ ಇಟಲಿಯ ಹೊಸ ಅಂಕಿಯೂ ಧಾರಾಳವಾಗಿಯೇ ಕಾಣುತ್ತದೆ.

ಸರಿಯಾದ ಗಾತ್ರ ಯಾವುದು ಎನ್ನುವುದಕ್ಕೆ ಸೂತ್ರ ಉಂಟೇ? ರಾಜಕೀಯ ವಿಜ್ಞಾನಿ ರೈನ್ ತಾಗೆಪೆರಾ 1972ರಲ್ಲಿ ಒಂದು ಗಮನಿಕೆ ಮುಂದಿಟ್ಟರು: ದೇಶಗಳ ಕೆಳಮನೆಯ ಗಾತ್ರ ಜನಸಂಖ್ಯೆಯ ಘನಮೂಲದ ಆಸುಪಾಸಿನಲ್ಲಿರುತ್ತದೆ. 390 × 390 × 390 ಎಂದರೆ 5.93 ಕೋಟಿ. ಹಾಗಾಗಿ ಇಟಲಿಗೆ ಸುಮಾರು 390. ಹೊಸ 400 ಅದಕ್ಕೆ ತೀರ ಹತ್ತಿರ, ಹಳೆಯ 630 ಬಹಳ ದೂರ. ಇದೇ ಸೂತ್ರ 121 ಕೋಟಿಯ ಭಾರತಕ್ಕೆ ಸುಮಾರು 1,065 ಎನ್ನುತ್ತದೆ, ಲೋಕಸಭೆಯಲ್ಲಿರುವುದು 543. ಇದು ದೇಶಗಳು ಹೇಗಿವೆ ಎಂಬುದರ ವರ್ಣನೆಯೇ ಹೊರತು ಹೇಗಿರಬೇಕು ಎಂಬ ವಿಧಿಯಲ್ಲ. ಅದರ ಮೇಲೆ ಇಟಲಿಯ ಸೆನೆಟ್‌ಗೆ ಕೆಳಮನೆಯಷ್ಟೇ ಅಧಿಕಾರ. ಪ್ರತಿ ಕಾನೂನೂ, ಸರ್ಕಾರದ ವಿಶ್ವಾಸಮತವೂ ಎರಡೂ ಕಡೆ ಗೆಲ್ಲಬೇಕು. ಒಂದೇ ಕೆಲಸವನ್ನು ಎರಡು ಮನೆ ಮಾಡುವ ಈ ಏರ್ಪಾಟನ್ನು ಜನಮತ ಮುಟ್ಟಲೇ ಇಲ್ಲ. ಒಂದೇ ಕೆಲಸ ಎರಡು ಬಾರಿ ನಡೆಯುತ್ತದೆ, ಮಾಡುವವರು ಕಡಿಮೆ, ಅಷ್ಟೇ.

ಸರಾಸರಿ ಮುಚ್ಚಿಡುವ ಸಂಗತಿಗಳು ಸೆನೆಟ್‌ನಲ್ಲಿ ಕಾಣುತ್ತವೆ. ಅಲ್ಲಿನ ಸ್ಥಾನಗಳನ್ನು ಪ್ರದೇಶವಾರು ಹಂಚುತ್ತಾರೆ. ಮೊದಲು ಪ್ರತಿ ಪ್ರದೇಶಕ್ಕೂ ಕನಿಷ್ಠ 7 ಎಂಬ ನಿಯಮವಿತ್ತು, ತಿದ್ದುಪಡಿ ಅದನ್ನು 3 ಮಾಡಿತು. ಮೊಲೀಸೆಗೆ 2, ವಾಲೆ ದಾಓಸ್ತಕ್ಕೆ 1 ಹಾಗೆಯೇ ಉಳಿದವು. ಲೊಂಬಾರ್ಡಿ 49ರಿಂದ 31ಕ್ಕೆ ಬಂತು, ಕಳೆದುಕೊಂಡದ್ದು ಶೇ 37. ಉಂಬ್ರಿಯಾ ಮತ್ತು ಬಸಿಲಿಕಾತಾ 7ರಿಂದ 3ಕ್ಕೆ ಇಳಿದವು, ಕಳೆದುಕೊಂಡದ್ದು ಶೇ 57. ಉತ್ತರದ ತ್ರೆಂತಿನೊ–ಆಲ್ತೊ ಆದಿಜೆ ಪ್ರದೇಶದಲ್ಲಿ ತ್ರೆಂತೊ ಮತ್ತು ಬೊಲ್ಜಾನೊ ಎಂಬ ಎರಡು ಸ್ವಾಯತ್ತ ಪ್ರಾಂತ್ಯಗಳಿವೆ. ಕನಿಷ್ಠ 3ರ ನಿಯಮ ಎರಡಕ್ಕೂ ಬೇರೆಬೇರೆಯಾಗಿ ಅನ್ವಯವಾಗಿ ಅಲ್ಲಿ 7 ಇದ್ದದ್ದು 6 ಆಯಿತು. ದಕ್ಷಿಣದ ಕಲಾಬ್ರಿಯಾ 10ರಿಂದ ಅದೇ 6ಕ್ಕೆ ಕುಸಿಯಿತು. ಮೊದಲನೆಯದರ ಜನಸಂಖ್ಯೆ 10.3 ಲಕ್ಷ, ಎರಡನೆಯದರದ್ದು 19.6 ಲಕ್ಷ. ಒಬ್ಬ ಸೆನೆಟರಿಗೆ ಅಲ್ಲಿ 1.72 ಲಕ್ಷ ಜನ, ಇಲ್ಲಿ 3.27 ಲಕ್ಷ. ಸಣ್ಣ ಸದನದಲ್ಲಿ ಕನಿಷ್ಠ ಸ್ಥಾನದ ಪ್ರತಿ ಖಾತರಿಯೂ ಬೇರೆ ಯಾರದೋ ಪಾಲಿನಿಂದ ಬರುತ್ತದೆ, ಅದೂ ಮೊದಲಿಗಿಂತ ದೊಡ್ಡ ತುಂಡಾಗಿ.

ವಿದೇಶದಲ್ಲಿರುವ ಇಟಲಿ ಪ್ರಜೆಗಳ ಸ್ಥಿತಿ ಇನ್ನೂ ವಿಚಿತ್ರ. ಅವರಿಗೆ ಕೆಳಮನೆಯಲ್ಲಿ 12 ಇದ್ದದ್ದು 8 ಆಯಿತು, ಸೆನೆಟ್‌ನಲ್ಲಿ 6 ಇದ್ದದ್ದು 4. ಜಗತ್ತನ್ನು ನಾಲ್ಕು ವಲಯ ಮಾಡಿರುವುದರಿಂದ ಈಗ ವಲಯಕ್ಕೊಬ್ಬರೇ ಸೆನೆಟರ್. ಯುರೋಪ್ ವಲಯದಲ್ಲಿ ನೋಂದಾಯಿತ ಇಟಾಲಿಯನ್ನರು 30 ಲಕ್ಷಕ್ಕೂ ಹೆಚ್ಚು, ಅವರಿಗೂ ಒಬ್ಬರೇ. ಆಫ್ರಿಕಾ, ಏಷ್ಯಾ, ಓಷಿಯಾನಿಯಾ, ಅಂಟಾರ್ಕ್ಟಿಕಾ ಸೇರಿದ ವಲಯದಲ್ಲಿ ಅದರ ಹತ್ತನೇ ಒಂದರಷ್ಟು ಜನ, ಅವರಿಗೂ ಒಬ್ಬರೇ.

ಸಣ್ಣ ಪಕ್ಷಗಳಿಗೆ ಬೀಳುವ ಪೆಟ್ಟನ್ನು ಒಂದು ಸಾಲಿನ ಗಣಿತದಲ್ಲಿ ನೋಡಬಹುದು. ಮತದ ಪಾಲಿನಂತೆ ಪಕ್ಷಗಳಿಗೆ ಸ್ಥಾನ ಹಂಚುವ ಅನುಪಾತ ಪದ್ಧತಿಯಲ್ಲಿ ಒಂದು ಕ್ಷೇತ್ರಕ್ಕೆ ಎಷ್ಟು ಸ್ಥಾನವೋ ಅದಕ್ಕೆ ಒಂದು ಕೂಡಿಸಿ, 100ನ್ನು ಅದರಿಂದ ಭಾಗಿಸಿ. ಬಹುಬಳಕೆಯ ಹಂಚಿಕೆ ಸೂತ್ರಗಳಲ್ಲಿ ಬಂದ ಶೇಕಡಾವಾರಿಗಿಂತ ಒಂದಿಷ್ಟು ಹೆಚ್ಚು ಮತ ಪಡೆದ ಪಕ್ಷಕ್ಕೆ ಒಂದು ಸ್ಥಾನ ಖಚಿತ. ಏಳು ಸ್ಥಾನವಿದ್ದರೆ ಶೇ 12.5, ಮೂರಿದ್ದರೆ ಶೇ 25. ಶೇ 15ರಷ್ಟು ಮತವಿರುವ ಪಕ್ಷ ಏಳು ಸ್ಥಾನದ ಕಡೆ ಖಂಡಿತ ಒಳಗೆ, ಮೂರು ಸ್ಥಾನದ ಕಡೆ ಅದೃಷ್ಟದ ಮೇಲೆ. ಕಾನೂನಿನಲ್ಲಿ ಬರೆದಿರುವ ಅರ್ಹತೆಯ ಮಿತಿ ಇಲ್ಲಿ ಬದಲಾಗಿಲ್ಲ, ಸ್ಥಾನಗಳ ಕೊರತೆಯೇ ಹೊಸ ಮಿತಿಯಾಗಿ ನಿಂತಿದೆ.

ಚುನಾವಣೆಯ ವಿಧಾನವನ್ನೂ ಅದೇ ಚೀಟಿಯಲ್ಲಿ ಬದಲಿಸಿದ ಉದಾಹರಣೆ ಅಮೆರಿಕದ ಇಲಿನಾಯ್‌ನಲ್ಲಿದೆ. ಅಲ್ಲಿ ಕ್ಷೇತ್ರಕ್ಕೆ ಮೂವರಂತೆ 59 ಕ್ಷೇತ್ರಗಳಿಂದ 177 ಮಂದಿ ಕೆಳಮನೆಗೆ ಬರುತ್ತಿದ್ದರು. ಮತದಾರನಿಗೆ ಮೂರು ಮತ, ಬೇಕಿದ್ದರೆ ಮೂರನ್ನೂ ಒಬ್ಬನಿಗೇ ಹಾಕಬಹುದಿತ್ತು. ಹಾಗಾಗಿ ಷಿಕಾಗೊದಲ್ಲಿ ರಿಪಬ್ಲಿಕನ್, ಉಪನಗರಗಳಲ್ಲಿ ಡೆಮಾಕ್ರಟ್ ಸದಸ್ಯರು ಅಲ್ಪಸಂಖ್ಯೆಯಲ್ಲಾದರೂ ಗೆದ್ದು ಬರುತ್ತಿದ್ದರು. 1978ರ ಕೊನೆಯಲ್ಲಿ ಶಾಸಕರು ತಮ್ಮ ಸಂಬಳವನ್ನು ಶೇ 40ರಷ್ಟು ಏರಿಸಿಕೊಂಡದ್ದಕ್ಕೆ ಎದ್ದ ಸಿಟ್ಟಿನಲ್ಲಿ 1980ರ ಜನಮತ ನಡೆಯಿತು. ಮನೆ 118ಕ್ಕೆ ಇಳಿಯಿತು, ಜೊತೆಗೆ ಕ್ಷೇತ್ರಕ್ಕೊಬ್ಬ ಎಂಬ ಪದ್ಧತಿ ಬಂತು. ಜನ ಕೇಳಿದ್ದು ಕಡಿತವನ್ನು. ಹೋದದ್ದರಲ್ಲಿ ಎದುರು ಪಕ್ಷದ ಭದ್ರಕೋಟೆಯೊಳಗಿಂದ ಗೆದ್ದು ಬರುತ್ತಿದ್ದ ಆ ದನಿಗಳೂ ಸೇರಿದ್ದವು.

ಕಡಿತದ ಮಾರನೇ ದಿನದ ಕೆಲಸ

ಫಲಿತಾಂಶ ಬಂದ ಕೂಡಲೇ ಇಟಲಿಯಲ್ಲಿ ಯಾವ ಸಂಸದನೂ ಮನೆಗೆ ಹೋಗಲಿಲ್ಲ. ಕಡಿತ ಅನ್ವಯವಾಗುವುದು ಮುಂದಿನ ಸಂಸತ್ತಿಗೆ, ಅದೂ ಕಾನೂನು ಜಾರಿಯಾಗಿ ಕನಿಷ್ಠ 60 ದಿನ ಕಳೆದ ಮೇಲೆ. ಆ 60 ದಿನ ಕ್ಷೇತ್ರಗಳ ಮರುವಿಂಗಡಣೆಗೆ. ಹೊಸ ನಕ್ಷೆ 2020ರ ಡಿಸೆಂಬರಿನಲ್ಲೇ ಸಿದ್ಧವಾಯಿತು. ಇದು ಸಾಧ್ಯವಾದದ್ದು 2019ರ ಮೇ ತಿಂಗಳಲ್ಲಿ ಮಾಡಿಟ್ಟ ಒಂದು ಸಣ್ಣ ಕಾನೂನಿನಿಂದ. ಚುನಾವಣಾ ಕಾಯಿದೆಯಲ್ಲಿದ್ದ ನಿಗದಿತ ಅಂಕಿಗಳನ್ನು ತೆಗೆದು ಎಂಟನೇ ಮೂರು ಭಾಗ ಎಂಬ ಭಿನ್ನರಾಶಿ ಬರೆದಿದ್ದರು: ಸದನ ಎಷ್ಟೇ ದೊಡ್ಡದಿರಲಿ, ಅದರ ಸುಮಾರು ಎಂಟನೇ ಮೂರರಷ್ಟು ಸ್ಥಾನ ಏಕಸದಸ್ಯ ಕ್ಷೇತ್ರಗಳಿಗೆ. ಹಾಗೆ ಕೆಳಮನೆಯಲ್ಲಿ ಅಂಥ ಕ್ಷೇತ್ರಗಳು 232ರಿಂದ 147ಕ್ಕೆ, ಸೆನೆಟ್‌ನಲ್ಲಿ 116ರಿಂದ 74ಕ್ಕೆ ಇಳಿದವು. ಸೆನೆಟ್‌ನ ಒಂದು ಏಕಸದಸ್ಯ ಕ್ಷೇತ್ರದಲ್ಲಿ ಈಗ ಸರಾಸರಿ 8 ಲಕ್ಷ ಜನ. ಕ್ಷೇತ್ರ ಹಿಗ್ಗಿದಂತೆ ಸ್ಥಳೀಯ ಪರಿಚಯದ ಬೆಲೆ ಇಳಿದು ಪಕ್ಷದ ಟಿಕೆಟ್‌ನ ಬೆಲೆ ಏರುತ್ತದೆ.

ಮೊದಲ ಪರೀಕ್ಷೆ 2022ರ ಸೆಪ್ಟೆಂಬರ್ 25ರ ಚುನಾವಣೆ. ಬಲಪಂಥೀಯ ಮೈತ್ರಿಕೂಟ ಶೇ 44ರಷ್ಟು ಮತ ಪಡೆದು 147ರಲ್ಲಿ 121 ಏಕಸದಸ್ಯ ಕ್ಷೇತ್ರ ಗೆದ್ದಿತು. 400ರಲ್ಲಿ ಒಟ್ಟು 237. ಇದನ್ನು ಸೀಟು ಕಡಿತದ ಪರಿಣಾಮ ಎಂದು ಬರೆದವರಿದ್ದಾರೆ, ಅದು ಸರಿಯಲ್ಲ. ಏಕಸದಸ್ಯ ಕ್ಷೇತ್ರಗಳ ಪಾಲು ಮೊದಲೂ ಶೇ 37, ಈಗಲೂ ಶೇ 37. ಎದುರಾಳಿಗಳು ಮೂರು ಹೋಳಾಗಿ ನಿಂತದ್ದೇ ಮುಖ್ಯ ಕಾರಣ. ಸಂಖ್ಯೆ ಇಳಿಸುವಾಗ ಚುನಾವಣಾ ಪದ್ಧತಿಯನ್ನೂ ಸರಿಪಡಿಸುತ್ತೇವೆ ಎಂದು 2019ರ ಮೈತ್ರಿ ಪಕ್ಷಗಳು ಮಾತುಕೊಟ್ಟಿದ್ದವು, ಅದು ಮಾತ್ರ ಆಗಲಿಲ್ಲ. ಆದದ್ದು ಒಂದು: ಸೆನೆಟ್‌ಗೆ ಮತ ಹಾಕುವ ವಯಸ್ಸನ್ನು 25ರಿಂದ 18ಕ್ಕೆ ಇಳಿಸಿದರು.

ಸಮಿತಿಗಳ ಲೆಕ್ಕ ಸದನದ ಒಳಗಿನದು. ಕಾನೂನಿನ ನಿಜವಾದ ಕೆಲಸ ನಡೆಯುವುದು ಸ್ಥಾಯಿ ಸಮಿತಿಗಳಲ್ಲಿ. ಸೆನೆಟ್‌ನಲ್ಲಿ 14 ಸಮಿತಿಗಳಿದ್ದವು. 315 ಜನರಿದ್ದಾಗ ಸಮಿತಿಗೆ 22ರಷ್ಟು ಮಂದಿ ಸಿಗುತ್ತಿದ್ದರು, 200 ಆದರೆ 14. ಮಂತ್ರಿಗಳಾದವರು, ಅನಾರೋಗ್ಯದವರು, ಊರಿಗೆ ಹೋದವರು ಕಳೆದರೆ ಕೋರಂ ಹಿಡಿಯುವುದೇ ಕಷ್ಟ. ಏಳೆಂಟು ಸದಸ್ಯರ ಪಕ್ಷವಂತೂ ಎಲ್ಲ ಸಮಿತಿಗೂ ಒಬ್ಬೊಬ್ಬರನ್ನು ಕಳಿಸಲಾರದು. 2022ರ ಜುಲೈಯಲ್ಲಿ ಸೆನೆಟ್ ತನ್ನ ನಿಯಮ ತಿದ್ದಿ ಸಮಿತಿಗಳನ್ನು 10ಕ್ಕೆ ಇಳಿಸಿತು, ಖಾತೆಗಳನ್ನು ಒಟ್ಟುಗೂಡಿಸಿತು. ಕೆಳಮನೆ 14 ಸಮಿತಿಗಳನ್ನೇ ಉಳಿಸಿಕೊಂಡಿತು. ಎರಡು ಮನೆಗಳ ಸಮಿತಿಗಳು ಈಗ ಒಂದಕ್ಕೊಂದು ಹೊಂದುವುದಿಲ್ಲ; ಕೆಳಮನೆಯಲ್ಲಿ ಎರಡು ಸಮಿತಿಗಳು ನೋಡಿದ ವಿಷಯವನ್ನು ಸೆನೆಟ್‌ನಲ್ಲಿ ಒಂದೇ ಸಮಿತಿ ನೋಡಬೇಕು.

ಭಾರತದಲ್ಲಿ ಈ ದಾರಿಯೇ ಇಲ್ಲ. ಸದನದ ಗಾತ್ರವನ್ನು ಜನಮತಕ್ಕೆ ಹಾಕಲು ನಮ್ಮ ಸಂವಿಧಾನದಲ್ಲಿ ಅವಕಾಶವಿಲ್ಲ. ವಿಧಾನಸಭೆಗೆ 170ನೇ ವಿಧಿ 60ರಿಂದ 500ರ ಮಿತಿ ಹಾಕಿದೆ. ವಿಧಾನ ಪರಿಷತ್ತನ್ನೇ ತೆಗೆಯಬೇಕೆಂದರೆ 169ನೇ ವಿಧಿಯಂತೆ ವಿಧಾನಸಭೆ ನಿರ್ಣಯ ಮಾಡಬೇಕು, ಸಂಸತ್ತು ಕಾನೂನು ಮಾಡಬೇಕು. ಆಂಧ್ರಪ್ರದೇಶದ ಪರಿಷತ್ತು 1985ರಲ್ಲಿ ಹೋಗಿ 2007ರಲ್ಲಿ ಮತ್ತೆ ಬಂದದ್ದು ಹೀಗೆ, ಜನರ ಮುಂದೆ ಪ್ರತ್ಯೇಕ ಚೀಟಿ ಇಡದೆ.

ಇನ್ನು ಇಟಲಿಯ ಸಂವಿಧಾನದ ಉಳಿದ ಪುಟಗಳು. ಭಿನ್ನರಾಶಿಯಲ್ಲಿ ಬರೆದದ್ದೆಲ್ಲ ಸದನದ ಜೊತೆ ತಾನೇ ಕುಗ್ಗಿತು. ಅವಿಶ್ವಾಸ ನಿರ್ಣಯಕ್ಕೆ ಹತ್ತನೇ ಒಂದರಷ್ಟು ಸದಸ್ಯರ ಸಹಿ ಬೇಕು: ಕೆಳಮನೆಯಲ್ಲಿ ಮೊದಲು 63, ಈಗ 40. ತಿದ್ದುಪಡಿಯನ್ನು ಜನಮತಕ್ಕೆ ಒಯ್ಯಲು ಐದನೇ ಒಂದು: ಮೊದಲು 126, ಈಗ 80. ಆದರೆ ನಿಗದಿತ ಅಂಕಿಯಲ್ಲಿ ಬರೆದದ್ದು ಕುಗ್ಗಲಿಲ್ಲ, ಅದರ ತೂಕ ಹೆಚ್ಚಿತು. ಆಜೀವ ಸೆನೆಟರುಗಳನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಯಾವ ಹೊತ್ತಿನಲ್ಲೂ ಅಂಥವರು ಐವರನ್ನು ಮೀರಬಾರದು ಎಂದು ಈ ತಿದ್ದುಪಡಿಯೇ ಸ್ಪಷ್ಟಪಡಿಸಿತು. ಆ ಐವರು 315ರ ಜೊತೆ ಕೂತಾಗ ಶೇ 1.6, 200ರ ಜೊತೆ ಕೂತಾಗ ಶೇ 2.4. ಸೆನೆಟ್‌ನಲ್ಲಿ ಎರಡು ಮೂರು ಮತದಲ್ಲಿ ಸರ್ಕಾರ ಉಳಿಯುವ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ರಾಷ್ಟ್ರಪತಿ ಚುನಾವಣೆಯಲ್ಲಿ ಈ ಏರುಪೇರು ಇನ್ನೂ ಎದ್ದು ಕಾಣುತ್ತದೆ. ಎರಡೂ ಮನೆಗಳ ಸದಸ್ಯರ ಜೊತೆ ಪ್ರದೇಶಗಳ 58 ಪ್ರತಿನಿಧಿಗಳು ಮತ ಹಾಕುತ್ತಾರೆ, ಪ್ರದೇಶಕ್ಕೆ ಮೂವರು, ವಾಲೆ ದಾಓಸ್ತಕ್ಕೆ ಒಬ್ಬರು. 2022ರ ಜನವರಿಯಲ್ಲಿ ಮತ್ತರೆಲ್ಲಾ ಎರಡನೇ ಸಲ ಆಯ್ಕೆಯಾದಾಗ ಇದ್ದದ್ದು ಹಳೆಯ ಸಂಸತ್ತು, ಮತದಾರರು 1,009 ಮಂದಿ, ಅದರಲ್ಲಿ ಪ್ರದೇಶಗಳ ಪಾಲು ಶೇ 5.7. ಮುಂದಿನ ಸಲ ಮತದಾರರು ಸುಮಾರು 660, ಪ್ರದೇಶಗಳ ಪಾಲು ಶೇ 9ರ ಹತ್ತಿರ. ಮೂವರ ಬದಲು ಇಬ್ಬರನ್ನು ಕಳಿಸುವಂತೆ ಮಾಡಲು ಒಂದು ತಿದ್ದುಪಡಿ ಬಂದಿತ್ತು. ಆ ಸಂಸತ್ತಿನ ಅವಧಿ ಮುಗಿದರೂ ಅದು ಅಂಗೀಕಾರವಾಗಲಿಲ್ಲ.